ಬೆಚ್ಚಗೋ, ತಣ್ಣಗೋ?

ಆ ಶುಕ್ರವಾರ ಬೆಳಿಗ್ಗೆ ಸೇಸಪ್ಪ ಮೇಲೆ ಇಸ್ತ್ರಿಯ ಶರ್ಟು, ಕೆಳಗೆ ಮನೆಯ ಲುಂಗಿ ಉಟ್ಟು ಕುವೈತಿನ ಅಬ್ಬಾಸಿಯಾದ ತನ್ನ ಫ್ಲ್ಯಾಟಿನಲ್ಲಿ ಊಟದ ಮೇಜಿನ ಮುಂದೆ ಕೂತಿದ್ದ. ಎದುರಿಗೆ ಹೆಂಡತಿ ವಾರಿಜಾಳ ಲ್ಯಾಪ್‌ಟಾಪು. ಇನ್ನು ಸ್ವಲ್ಪ ಹೊತ್ತಿಗೆ ಅವನು ಜಪಾನಿನಲ್ಲಿ ಸಾಕೆ ಮಾಡುವ ಒಂದು ಹಳೆಯ ಮನೆತನದ ಕಾರ್ಖಾನೆಯನ್ನು ಒಳಹೊರಗೆ ಸುತ್ತಿ ನೋಡುವವನಿದ್ದ. ಸಾಕೆ ಅಂದರೆ ಅಕ್ಕಿಯಿಂದ ತೆಗೆಯುವ ಅವರ ಊರಿನ ಕಳ್ಳು ಎಂದಿಟ್ಟುಕೊಳ್ಳಿ. ಕೊನೆಯಲ್ಲಿ ರುಚಿ ನೋಡುವ ಕಾರ್ಯಕ್ರಮವೂ ಉಂಟು. ತೊಟ್ಟು ಮದ್ಯಕ್ಕೂ ಅನುಮತಿಯಿಲ್ಲದ ಕುವೈತಿನಲ್ಲಿ ಕೂತು ಅದನ್ನು ನೋಡುವವರು ಪುಣ್ಯವಂತರೋ ಪಾಪಿಗಳೋ, ಹೇಳುವುದು ಕಷ್ಟ.

"ಇದನ್ನೆಲ್ಲ ನೋಡಿದ್ರೆ ಪೊಲೀಸರು ಬರುದಿಲ್ವಾ ಮಾರ್ರೆ?" ಎಂದಳು ವಾರಿಜಾ. ಶಾಲೆಯೊಂದರ ಆಫೀಸಿನಲ್ಲಿ ಕೆಲಸ ಮಾಡುವ ಅವಳಿಗೆ ಲಿಂಕು, ಮ್ಯೂಟು ಎಲ್ಲ ಗೊತ್ತು.

"ನೋಡ್ಲಿಕ್ಕೆ ಎಂತ ಕೇಸು? ನೋಡಿದ್ರೆ ಅಮಲು ಏರ್ತದಾ?"

ಆಮಂತ್ರಣ ಕಳಿಸಿದವನು ಮಿಯಾತಾ. ಅಲ್ಲಿನ ತೈಲದ ಊರು ಅಹ್ಮದಿಯಲ್ಲಿ ಸೇಸಪ್ಪ ಸ್ಟೋರ್ ನೋಡಿಕೊಳ್ಳುವ ಗುತ್ತಿಗೆ ಕಂಪನಿಗೆ ಹಲವು ವರ್ಷ ಇಂಜಿನಿಯರ್ ಆಗಿ ಬಂದಿದ್ದ ಜಪಾನಿ. ಮಧ್ಯಾಹ್ನ ಇಬ್ಬರೂ ಸ್ಟೋರಿನ ಹಿಂದಿನ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದರು. ವಾರಿಜಾಳ ಬಂಗುಡೆ ಪುಳಿಮುಂಚಿ ತಿಂದು ಕಣ್ಣು ಮೂಗಿನಲ್ಲೆಲ್ಲ ನೀರು ಸುರಿಸುತ್ತ, ಆದರೂ ಇನ್ನೊಂದು ತುಂಡಿಗೆ ಕೈ ಒಡ್ಡುವ ಮನುಷ್ಯ ಆತ. ನಿವೃತ್ತನಾಗಿ ಊರಿಗೆ ಹೋಗಿ ಅಣ್ಣನ ಸಾಕೆ ಕಾರ್ಖಾನೆಯಲ್ಲಿ ಸೇರಿಕೊಂಡಿದ್ದ. ದೂರದ ಗೆಳೆಯರಿಗೆ ಪರದೆಯ ಮೇಲೆ ಅದನ್ನು ತೋರಿಸುತ್ತೇನೆ, ಬನ್ನಿ ಎಂದು ಅಹ್ಮದಿಯ ಹಳಬರಿಗೆಲ್ಲ ಬರೆದಿದ್ದ. ಹಸಿದವನಿಗೆ ಊಟದ ಫೋಟೋ ತೋರಿಸಿದ ಹಾಗಾಯ್ತು ಎಂದು ಆಫೀಸಿನ ಗ್ಲೆನ್ ನಕ್ಕುಬಿಟ್ಟ. ಒಪ್ಪಿಕೊಂಡವನು ಸೇಸಪ್ಪ ಒಬ್ಬನೇ. ಅದಕ್ಕೆ ಕಾರಣ ಬೇರೆಯೇ ಇತ್ತು.

ಸೇಸಪ್ಪನ ಅಪ್ಪ ತನಿಯ ಪೂಜಾರಿ ತೀರಿಕೊಂಡು ಅಂದಿಗೆ ವರ್ಷ. ಬದುಕಿನುದ್ದಕ್ಕೂ ಮೂರ್ತೆ ಮಾಡಿದ, ಅಂದರೆ ತಾಳೆ, ತೆಂಗು ಹತ್ತಿ ಕಳ್ಳು ಇಳಿಸಿದ ಜೀವ. ಸತ್ತಾಗ ಸೇಸಪ್ಪ ಟಿಕೆಟ್ಟು ಹೊಂದಿಸಿ ಊರು ಮುಟ್ಟುವಷ್ಟರಲ್ಲಿ ಹೆಣ ಸುಟ್ಟಾಗಿತ್ತು. ಹಿರಿಮಗನಿದ್ದೂ ಕೊಳ್ಳಿ ಇಟ್ಟವನು ತಮ್ಮ ಸುಕೇಶ. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ ಮಾತ್ರ ಇವನು ಸಿಕ್ಕಿದ್ದ. ವರ್ಷದ ಕಾರ್ಯಕ್ಕಾದರೂ ಹೋಗಬೇಕೆಂದರೆ ಕಂಪನಿಯಲ್ಲಿ ಶಟ್‌ಡೌನ್ ಕೆಲಸ, ಶುಕ್ರವಾರ ಬಿಟ್ಟರೆ ರಜೆಯ ಮಾತೇ ಇಲ್ಲ. ಆ ಒಂದು ದಿನದಲ್ಲಿ ಹೋಗಿ ಬರಲು ಅವನಿಗೇನು ರೆಕ್ಕೆಯೇ?

ವರ್ಷದ ದಿನ ಸತ್ತವರಿಗೆ ಅಗೆಲು ಬಡಿಸುತ್ತಾರೆ. ಬಾಳೆ ಎಲೆ ಹಾಕಿ, ಕೋಳಿ, ರೊಟ್ಟಿ, ಮೀನು, ಹೋದವರಿಗೆ ಬದುಕಿದ್ದಾಗ ಯಾವುದು ಇಷ್ಟವೋ ಅದನ್ನೆಲ್ಲ ಇಟ್ಟು ಕರೆಯುವುದು. ಎರಡು ದಿನದ ಹಿಂದೆ ಸುಕೇಶ ಫೋನಿನಲ್ಲಿ ಎಲ್ಲ ತಯಾರಿ ಹೇಳುತ್ತ, "ಅಪ್ಪನಿಗೆ ಒಂದು ಕ್ವಾರ್ಟರ್ ಬ್ರಾಂಡಿ ತಂದಿಟ್ಟಿದ್ದೇನೆ" ಎಂದ. ಸೇಸಪ್ಪನಿಗೆ ಪಿತ್ತ ನೆತ್ತಿಗೇರಿತು.

"ಮೂರ್ತೆ ಮಾಡಿದವರ ಎಲೆಗೆ ಅಂಗಡಿ ಬಾಟ್ಲಿಯಾ? ನಾಚಿಕೆ ಆಗುದಿಲ್ವಾ ನಿಂಗೆ? ಕಳ್ಳು ಇಡು."

"ಎಲ್ಲಿಂದ ತರುದು ಅಣ್ಣ? ಈಗ ಮರ ಹತ್ತುವವರು ಯಾರಿದ್ದಾರೆ ಇಲ್ಲಿ? ಅಷ್ಟು ಆಸೆ ಇದ್ರೆ ನೀನೇ ಕಳಿಸು, ಕುವೈತಿಂದ!"

ಖಲಾಸ್. ಫೋನು ಅಲ್ಲಿಗೇ ಕಟ್. ಆಮೇಲೆ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಗಾಯಕ್ಕೆ ಉಪ್ಪು ಸವರಿದಂಥ ಮಾತು ಅದು. ಕೊಳ್ಳಿಯೂ ಇಡಲಿಲ್ಲ, ಎಲೆಯೂ ಹಾಕಲಿಲ್ಲ, ಒಂದು ಲೋಟ ಕಳ್ಳೂ ಕೊಡಲಿಲ್ಲ, ಹಾಗಾದರೆ ನಾನು ಎಂಥ ಮಗ ಎಂದು ಸೇಸಪ್ಪ ಒಳಗೊಳಗೇ ಬೆಂದ. ಆಗಲೇ ಅವನಿಗೆ ಮಿಯಾತಾನ ಆಮಂತ್ರಣ ಹೊಳೆದದ್ದು. ರುಚಿ ನೋಡಲು ಕೊಡುವಾಗ ತನ್ನ ಪಾಲಿನ ಬಟ್ಟಲು ಅಲ್ಲಿ ಉಳಿದೇ ಉಳಿಯುತ್ತದೆ. ಅದನ್ನು ಅಪ್ಪನ ಹೆಸರಿನಲ್ಲಿ ನೆಲಕ್ಕೆ ಎರೆಯಿರಿ ಎಂದು ಕೇಳಿದರೆ? ತಾಳೆಯದ್ದಲ್ಲದಿದ್ದರೂ ಕೈಯಾರೆ ಮಾಡಿದ್ದು. ಅಂಗಡಿ ಬಾಟಲಿಗಿಂತ ಸಾವಿರ ಪಾಲು ಮೇಲು.

ಪರದೆಯಲ್ಲಿ ಮಿಯಾತಾ ಕಾಣಿಸಿಕೊಂಡು, "ಸೇಸಪ್ಪ-ಸಾನ್! ಪುಳಿಮುಂಚಿ ಹೇಗಿದೆ?" ಎಂದು ತನ್ನ ಹಳೆಯ ಹರುಕು ಇಂಗ್ಲಿಷಿನಲ್ಲಿ ಕೂಗಿದ. ಅವನ ಪಕ್ಕದಲ್ಲಿ ಬಿಳಿ ಟೊಪ್ಪಿಯ ಮುದುಕರೊಬ್ಬರು ನಿಂತಿದ್ದರು. ಸಾಕೆಯ ಹದ ನೋಡುವ ಹಿರಿಯ, ತೋಜಿ ಎನ್ನುತ್ತಾರಂತೆ. ಅವರಿಗೆ ಇಂಗ್ಲಿಷ್ ಬಾರದು, ಅವರು ಹೇಳಿದ್ದನ್ನು ಮಿಯಾತಾ ತಿರುಗಿಸಿ ಹೇಳುತ್ತಿದ್ದ.

ಮೊದಲು ಅಕ್ಕಿ ತೋರಿಸಿದರು. ಹೊರಗಿನದ್ದನ್ನೆಲ್ಲ ಉಜ್ಜಿ ಉಜ್ಜಿ ತೆಗೆದು ಮುತ್ತಿನಷ್ಟು ಮಾಡಿದ ಅಕ್ಕಿ. "ಅಯ್ಯೋ, ಅರ್ಧ ಅಕ್ಕಿ ಪುಡಿಯಾಗಿ ಹೋಯ್ತಲ್ಲ" ಎಂದು ವಾರಿಜಾ ಹಿಂದಿನಿಂದ ಸಂಕಟಪಟ್ಟಳು. ಅಷ್ಟರಲ್ಲಿ ಅವಳ ಕುಕ್ಕರು ಸೀಟಿ ಹೊಡೆಯಿತು. ಮ್ಯೂಟ್ ಮಾಡಲು ಮರೆತಿದ್ದರಿಂದ ಆ ಸೀಟಿ ಜಪಾನಿನವರೆಗೆ ಹೋಯಿತು. ತೋಜಿ ಗಾಬರಿಯಿಂದ ತಮ್ಮ ಅಕ್ಕಿ ಬೇಯುವ ಹಂಡೆಯ ಕಡೆ ಓಡಿದರು. ವಿಷಯ ತಿಳಿದ ಮೇಲೆ ಎಲ್ಲರೂ ನಕ್ಕಿದ್ದೇ ನಕ್ಕಿದ್ದು.

ಆಮೇಲೆ ಬೆಂದ ಅಕ್ಕಿಗೆ ಬೂಷ್ಟು ಹಿಡಿಸುವ ಬೆಚ್ಚನೆಯ ಕೋಣೆ. ಅದರಾಚೆ ಮರದ ಅಟ್ಟ ಏರಿ, ಆಳೆತ್ತರದ ತೊಟ್ಟಿಗಳ ಬಾಯಿಗೆ ಬಂದರು. ಒಳಗೆ ಅಕ್ಕಿಯ ಗಂಜಿಯಂಥದ್ದು ನೊರೆಯೆದ್ದು ಹುಳಿಯುತ್ತಿತ್ತು. ತೋಜಿ ಮೈಕನ್ನು ನೊರೆಯ ಹತ್ತಿರ ಹಿಡಿದು, ಕೇಳಿ ಎಂಬಂತೆ ಕಿವಿ ಮುಟ್ಟಿ ತೋರಿಸಿದರು.

ಸುಸು, ಸುಸು, ಬುಸುಬುಸು.

ಸೇಸಪ್ಪ ಲ್ಯಾಪ್‌ಟಾಪಿಗೆ ಕಿವಿ ಹಚ್ಚಿದ. ಈ ಸದ್ದು ಅವನಿಗೆ ಹೊಸದೇನಲ್ಲ. ಅವನು ಹುಡುಗನಾಗಿದ್ದಾಗ ಮನೆಯ ಮೂಲೆಯಲ್ಲಿ ಕಳ್ಳಿನ ಮಡಕೆ ಹೀಗೇ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿತ್ತು. ಬೆಳಕು ಹರಿಯುವ ಮೊದಲು ಅಪ್ಪ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಮರ ಏರುತ್ತಿದ್ದರು. ಮೇಲಿನಿಂದ ಟಕ್ ಟಕ್ ಎಂದು ಹೊಂಬಾಳೆ ಬಡಿಯುವ ಸದ್ದು ಗದ್ದೆಯಾಚೆಯ ಶಾಲೆಯವರೆಗೂ ಕೇಳುತ್ತಿತ್ತು. ಸೋರೆಬುರುಡೆ ತುಂಬಿ ಇಳಿದ ಮೇಲೆ ಮೊದಲ ಹನಿ ನೆಲಕ್ಕೆ ಚಿಮುಕಿಸಿ, ಬೆರಳನ್ನು ಹಣೆಗೆ ಒತ್ತಿಕೊಳ್ಳುತ್ತಿದ್ದರು. ಮಕ್ಕಳಿಗೆ ಹುಳಿಯದ ಸಿಹಿ ಕಳ್ಳು ಗೆರಟೆಯಲ್ಲಿ ಒಂದೊಂದು ಗುಟುಕು. ಉಳಿದದ್ದೆಲ್ಲ ಗಡಂಗಿಗೆ, ಕಳ್ಳಿನ ಅಂಗಡಿಗೆ. ಅಪ್ಪನ ಮೈ, ಪಂಚೆ, ತಲೆದಿಂಬು, ಎಲ್ಲಕ್ಕೂ ಕಳ್ಳಿನ ವಾಸನೆ. ಶಾಲೆಯಲ್ಲಿ ಯಾರೂ ಪಕ್ಕ ಕೂರುತ್ತಿರಲಿಲ್ಲ ಎಂದು ಆಗ ಅಪ್ಪನ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತು! ಈಗ ಆ ವಾಸನೆಯ ಒಂದು ಎಳೆ ಸಿಕ್ಕಿದರೂ ಸಾಕಿತ್ತು. ಹಾಳಾದ ಲ್ಯಾಪ್‌ಟಾಪು ಸದ್ದು ಕೊಡುತ್ತದೆ, ಚಿತ್ರ ಕೊಡುತ್ತದೆ, ವಾಸನೆ ಮಾತ್ರ ಕೊಡುವುದಿಲ್ಲ.

"ಸೇಸಪ್ಪ-ಸಾನ್, ಏನಾಯಿತು?" ಎಂದ ಮಿಯಾತಾ. ಸೇಸಪ್ಪ ಕಣ್ಣೊರೆಸಿಕೊಂಡು ಎಲ್ಲ ಹೇಳಿದ. ತಂದೆಯ ಕಸುಬು, ಇವತ್ತಿನ ದಿನ, ತಾನು ಇಲ್ಲಿ ಉಳಿದದ್ದು, ಆ ಒಂದು ಬಟ್ಟಲಿನ ಆಸೆ. ಎಷ್ಟೋ ವರ್ಷ ಜೊತೆಗೆ ಉಂಡರೂ ಇಬ್ಬರೂ ತಮ್ಮ ತಮ್ಮ ಅಪ್ಪಂದಿರ ಕಸುಬಿನ ಮಾತು ಎತ್ತಿದವರೇ ಅಲ್ಲ.

ಮಿಯಾತಾ ತಿರುಗಿಸಿ ಹೇಳುತ್ತಿದ್ದಂತೆ ತೋಜಿ ಟೊಪ್ಪಿ ತೆಗೆದರು. ಪರದೆಯ ಕಡೆಗೆ ಸೊಂಟದವರೆಗೆ ಬಾಗಿದರು. ಸೇಸಪ್ಪನೂ ಗಡಬಡಿಸಿ ಎದ್ದು ಬಾಗಿದ. ಲುಂಗಿ ಕಂಡರೆ ಕಾಣಲಿ.

ಎಲ್ಲರೂ ರುಚಿ ನೋಡುವ ಕೋಣೆಗೆ ಬಂದರು. ತೋಜಿ ಮೇಜಿನ ಮೇಲೆ ಒಂದು ಬಿಳಿ ಬಟ್ಟಲು ಇಟ್ಟರು. ಮೂರು ನಾಲ್ಕು ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ, ಏನೋ ಕೇಳಿದರು.

"ನಿಮ್ಮ ತಂದೆಗೆ ಹೇಗೆ ಇಷ್ಟ ಅಂತ ಕೇಳುತ್ತಿದ್ದಾರೆ," ಎಂದ ಮಿಯಾತಾ. "ಬೆಚ್ಚಗೋ, ತಣ್ಣಗೋ? ಸಿಹಿಯೋ, ಒಗರೋ?"

ಸೇಸಪ್ಪ ಸಾಲಾಗಿ ನಿಂತ ಬಾಟಲಿಗಳನ್ನು ಒಂದೊಂದಾಗಿ ನೋಡಿದ.

ಅಪ್ಪನಿಗೆ ಹೇಗೆ ಇಷ್ಟ? ಮರದ ಮೇಲಿನ ಅಪ್ಪ ಕಂಡರು. ಗಡಂಗಿನಲ್ಲಿ ಅಳೆದು ಸುರಿಯುವ ಅಪ್ಪ ಕಂಡರು. ಜಗಲಿಯಲ್ಲಿ ಕಾಲಿನ ಗಾಯಕ್ಕೆ ಎಣ್ಣೆ ಹಚ್ಚುವ ಅಪ್ಪ ಕಂಡರು. ಲೋಟ ಬಾಯಿಗಿಟ್ಟ ಅಪ್ಪ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಎರಡು ದಿನದ ಹಿಂದೆ ತಮ್ಮನ ಜೊತೆ ಜುಟ್ಟು ಹಿಡಿದು ಜಗಳಾಡಿದ್ದು ಯಾವುದಕ್ಕೋ, ಅದೇ ಇವನಿಗೆ ಗೊತ್ತಿಲ್ಲ! ಒಂದು ನಿಮಿಷ ಎಂದು ಅವರಿಗೆ ಕೈ ಮುಗಿದು ಊರಿಗೆ ಫೋನು ಹಚ್ಚಿದ.

ಸುಕೇಶ ಎತ್ತಿದ. "ಅಮ್ಮನಿಗೆ ಕೊಡು," ಎಂದ ಸೇಸಪ್ಪ. ಬೇರೆ ಮಾತಿಲ್ಲ.

"ಅಮ್ಮಾ, ಅಪ್ಪ ಕಳ್ಳು ಹೇಗೆ ಕುಡೀತಿದ್ರು? ಸಿಹಿಯಾಗಿಯಾ, ಹುಳಿ ಬಂದ ಮೇಲೆಯಾ?"

"ಎಂತ ಕೇಳ್ತೀ ಮಗಾ? ನಿನ್ನ ಅಪ್ಪ ಒಂದು ದಿನ ಆದ್ರೂ ಕುಡಿದವರಾ? ಕುಡಿದು ಮರ ಹತ್ತಿದ್ರೆ ಇಳಿಲಿಕ್ಕೆ ಉಂಟಾ? ದೇವರಿಗೆ ಒಂದು ಹನಿ, ಹಣೆಗೆ ಒಂದು ಹನಿ, ಅಷ್ಟೇ."

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಕಳ್ಳು ಎನ್ನುತ್ತಾರಂತೆ ಜನ. ಜನ ಅಂದರೆ ಅನ್ನಲಿ. ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಗಂಡುಮಕ್ಕಳೂ ಹಾಗೆಂದೇ ತಿಳಿದಿದ್ದರಲ್ಲ!

"ಹಾಗಾದ್ರೆ ಅವರಿಗೆ ಇಷ್ಟ ಎಂತದ್ದು ಅಮ್ಮ?"

"ಇಷ್ಟ ಅಂದ್ರೆ..." ಅಮ್ಮ ನಕ್ಕರು. "ನೀನು ಮಕ್ಕಳಿಗೆ ಅಂತ ಟ್ಯಾಂಗ್ ಕಳಿಸ್ತಿದ್ದೆಯಲ್ಲ, ಆ ಕಿತ್ತಳೆ ಪುಡಿ. ಮಕ್ಕಳು ಕುಡಿದದ್ದು ಎಷ್ಟೋ, ಇವರು ಕುಡಿದದ್ದೇ ಜಾಸ್ತಿ. ಡಬ್ಬಿ ಅಕ್ಕಿಯ ಒಳಗೆ ಅಡಗಿಸಿ ಇಡ್ತಿದ್ರು. ಸಂಜೆ ಮರದಿಂದ ಇಳಿದು ಬಂದು, ಬಾವಿಯ ತಣ್ಣೀರಿಗೆ ನಾಲ್ಕು ಚಮಚ ಹಾಕಿ ಕಲಸಿ, ಒಬ್ಬರೇ ಹಿತ್ತಲಲ್ಲಿ ಕೂತು."

"ನಾನು ಕಳಿಸುದು ನಿಲ್ಲಿಸಿ ಎಷ್ಟೋ ವರ್ಷ ಆಯ್ತಲ್ಲ ಅಮ್ಮ." ಈಗ ಎಲ್ಲ ಮಂಗಳೂರಲ್ಲೇ ಸಿಗುತ್ತದೆ, ಹೊತ್ತುಕೊಂಡು ಹೋಗುವುದು ಯಾಕೆ ಎಂದು ನಿಲ್ಲಿಸಿದ್ದು ಅವನೇ.

"ಹೌದು. ಸುಕೇಶ ಇಲ್ಲಿಯ ಅಂಗಡಿದ್ದು ತಂದು ಕೊಟ್ಟ. ಒಂದು ಗುಟುಕು ಕುಡಿದು ಕೆಳಗಿಟ್ರು. ಇದಲ್ಲ, ಸೇಸಪ್ಪ ಕಳಿಸುವುದರ ರುಚಿ ಬೇರೆ ಅಂದ್ರು. ಆಮೇಲೆ ಕೇಳ್ಲೇ ಇಲ್ಲ. ನಿನ್ನ ಹತ್ರ ಹೇಳ್ತೇನೆ ಅಂದ್ರೆ ಬೇಡ, ಅವನಿಗೆ ಅಲ್ಲಿ ನೂರು ಕೆಲಸ ಅಂದ್ರು."

ಸೇಸಪ್ಪ ಫೋನು ಹಿಡಿದುಕೊಂಡೇ ಅತ್ತುಬಿಟ್ಟ. ಐವತ್ತು ದಾಟಿದ ಗಂಡಸು, ಜಪಾನಿನ ಎದುರಿಗೆ, ಇಸ್ತ್ರಿಯ ಶರ್ಟಿನ ತೋಳಿನಲ್ಲಿ ಮೂಗೊರೆಸಿಕೊಳ್ಳುತ್ತ ಅತ್ತ. ವಾರಿಜಾ ಬಂದು ಹೆಗಲ ಮೇಲೆ ಕೈಯಿಟ್ಟು ನಿಂತಳು.

ಕಡೆಗೆ ಮಿಯಾತಾನಿಗೆ ಹೇಳಿದ. "ತಣ್ಣಗೆ. ಸಿಹಿ. ಆದರೆ ಸಾಕೆ ಅಲ್ಲ. ನನ್ನ ಅಪ್ಪ ಕುಡಿಯುತ್ತಿರಲಿಲ್ಲವಂತೆ."

ತೋಜಿ ನಗಲಿಲ್ಲ. ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡು, ನಿಧಾನವಾಗಿ ಏನೋ ಹೇಳಿದರು. "ಇಷ್ಟವಿಲ್ಲದ್ದನ್ನು ಅತಿಥಿಯ ಮುಂದೆ ಇಡಬಾರದು. ಇದನ್ನು ಅವರು ಹತ್ತಿದ ಮರಗಳ ಹೆಸರಿನಲ್ಲಿ ನಾನೇ ಕುಡಿಯುತ್ತೇನೆ ಎನ್ನುತ್ತಿದ್ದಾರೆ," ಎಂದ ಮಿಯಾತಾ. ಮುದುಕರು ಬಟ್ಟಲು ತುಂಬಿಸಿ, ಎರಡೂ ಕೈಯಲ್ಲಿ ಎತ್ತಿ ಕುಡಿದರು.

ಮಧ್ಯಾಹ್ನ ಕಳೆದ ಮೇಲೆ ಸುಕೇಶನೇ ಫೋನು ಮಾಡಿದ. ಸ್ವರ ತಗ್ಗಿತ್ತು.

"ಅಣ್ಣ, ಬಾಟ್ಲಿ ಒಳಗಿಟ್ಟೆ. ನಂಗೂ ಗೊತ್ತಿರ್ಲಿಲ್ಲ ಮಾರಾಯ. ಕೋಳಿ, ರೊಟ್ಟಿ ಎಲ್ಲ ನಾನು ಬಡಿಸ್ತೇನೆ. ಆದ್ರೆ ಕುಡಿಲಿಕ್ಕೆ ಇಲ್ಲಿದ್ದು ಇಟ್ರೆ ಅವರು ಮುಟ್ಟುದಿಲ್ಲ. ಅದೊಂದು ನೀನೇ ಇಡಬೇಕು, ಅಲ್ಲಿಂದ. ಬಾಗಿಲು ಎರಡೂ ಕಡೆ ಒಟ್ಟಿಗೆ ಹಾಕುವ. ನಾನು ಮಿಸ್ ಕಾಲ್ ಕೊಡ್ತೇನೆ."

ಸೇಸಪ್ಪ ಕೆಳಗಿನ ಬಕಾಲಕ್ಕೆ, ದಿನಸಿ ಅಂಗಡಿಗೆ ಇಳಿದು ಟ್ಯಾಂಗಿನ ದೊಡ್ಡ ಡಬ್ಬಿಯನ್ನೇ ತಂದ. ಮಿಂದು, ಬಿಳಿ ಪಂಚೆ ಉಟ್ಟು, ಸ್ಟೀಲ್ ಲೋಟಕ್ಕೆ ತಣ್ಣೀರು ಹಾಕಿ ನಾಲ್ಕು ಚಮಚ ಕಲಸಿದ. ಒಂದು ಕ್ಷಣ ತಡೆದು ಇನ್ನೊಂದು ಚಮಚ ಹಾಕಿದ. ಅಪ್ಪನಿಗೆಂದು ಮಣೆ ಹಾಕಿ, ಅದರ ಮುಂದೆ ಲೋಟ ಇಟ್ಟು, "ಅಪ್ಪಾ, ಕುವೈತಿದ್ದೇ. ಬನ್ನಿ," ಎಂದ. ಮಿಸ್ ಕಾಲ್ ಬಂತು.

ಬಡಿಸಿದ ಮೇಲೆ ಮನೆಯವರು ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಸತ್ತವರು ನಾಚಿಕೆಯಿಲ್ಲದೆ ಉಣ್ಣಲಿ ಎಂದು. ಅಂಗಳವಿಲ್ಲದ ಅಬ್ಬಾಸಿಯಾದಲ್ಲಿ ಹೊರಗೆ ಅಂದರೆ ಲಿಫ್ಟಿನ ಎದುರಿನ ಕಾರಿಡಾರು. ಗಂಡ ಹೆಂಡತಿ ಅಲ್ಲಿ ಗೋಡೆಗೆ ಒರಗಿ ನಿಂತರು. ಪಕ್ಕದ ಮನೆಯ ಉಳ್ಳಾಲದ ಶಫೀಕ್ ತರಕಾರಿ ಚೀಲ ಹಿಡಿದು ಲಿಫ್ಟಿನಿಂದ ಇಳಿದ.

"ಎಂತ ಸೇಸಪ್ಪಣ್ಣ, ಕೀ ಒಳಗೆ ಬಿಟ್ರಾ?"

"ಇಲ್ಲ ಶಫೀಕ್," ಎಂದ ಸೇಸಪ್ಪ. "ಒಳಗೆ ಅಪ್ಪ ಇದ್ದಾರೆ. ಕುಡಿದು ಮುಗಿಸ್ಲಿ."