ಅಣ್ಣ ಹಾಕಿದ ಗೇಟುಗಳು

ಎರಡು ಅಂಕಿಗಳನ್ನು ಕೂಡುವುದಕ್ಕೆ ಒಂದು ಚಿಟಿಕೆ ಹೊತ್ತು ಎಂದಿಟ್ಟುಕೊಳ್ಳಿ. ಆ ಅಂಕಿಗಳನ್ನು ತನ್ನದೇ ಮೆಮೊರಿಯಿಂದ ಎತ್ತಿ ತರುವುದಕ್ಕೆ ನೂರು ಚಿಟಿಕೆ. ಪಕ್ಕದ ಪ್ರೊಸೆಸರಿನಿಂದ ಕೇಳಿ ತರಿಸಿಕೊಳ್ಳುವುದಕ್ಕೆ ಸಾವಿರಾರು. ಆದರೆ ಯಂತ್ರದಲ್ಲಿರುವ ಅಷ್ಟೂ ಪ್ರೊಸೆಸರುಗಳು ಬಂದು ಸೇರುವ ತನಕ ಕಾಯುವುದಕ್ಕೆ ಇಂತಿಷ್ಟೆಂಬ ದರವಿಲ್ಲ. ಎಲ್ಲರಿಗಿಂತ ನಿಧಾನದವನು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೋ ಅಷ್ಟನ್ನು ಎಲ್ಲರೂ ತೆರಬೇಕು.

ಅತ್ತಿಗೆಯ ಕಂಪೈಲರಿನ ತುಂಬ ಇಂಥ ಕಾಯುವಿಕೆಯೇ ಇತ್ತು.

ಆಫೀಸಿನಲ್ಲಿ ಆಕೆ ಯಾರಿಗೂ ನಿಜವಾಗಿ ಅತ್ತಿಗೆಯಲ್ಲ. ಅವಳ ಗಂಡನನ್ನು ಎಲ್ಲರೂ ಅಣ್ಣ ಎನ್ನುತ್ತಿದ್ದರು, ಹಾಗಾಗಿ ಇವಳು ಅತ್ತಿಗೆಯಾದಳು. ಜನ ಬರೆದ ಪ್ರೋಗ್ರಾಮನ್ನು ನೂರಾರು ಪ್ರೊಸೆಸರುಗಳಿಗೆ ಹಂಚಿ, ಯಂತ್ರದ ಭಾಷೆಗೆ ಇಳಿಸಿಕೊಡುವ ಕಂಪೈಲರನ್ನು ಗಂಡ ಹೆಂಡತಿ ಸೇರಿ ಕಟ್ಟಿದ್ದರು. ಕೆಲಸ ಹಂಚುವ ಭಾಗ ಅವಳದು. ಹಂಚಿದ್ದು ಎಡವಟ್ಟಾಗದಂತೆ ನೋಡಿಕೊಳ್ಳುವ ಭಾಗ ಅವನದು. ಅವನೋ ಪುಕ್ಕಲ. ಒಂದೊಂದು ಹಂತ ಮುಗಿದ ಕೂಡಲೇ ಒಂದು ಗೇಟು ಹಾಕುತ್ತಿದ್ದ. ಎಲ್ಲ ಪ್ರೊಸೆಸರುಗಳೂ ಬಂದು ನಿಲ್ಲುವ ತನಕ ಒಬ್ಬರೂ ದಾಟುವ ಹಾಗಿಲ್ಲ.

"ಇದೇನು ಕಂಪೈಲರೋ, ರೈಲ್ವೆ ಕ್ರಾಸಿಂಗೋ?" ಎಂದು ಅವಳು ಛೇಡಿಸುತ್ತಿದ್ದಳು.

"ತಪ್ಪು ಉತ್ತರ ಬೇಗ ಬಂದು ಯಾರಿಗೇನಾಗಬೇಕು ಕಣೇ? ಸ್ವಲ್ಪ ಕಾದ್ರೆ ನಿನ್ನ ಗಂಟೇನು ಹೋಗತ್ತೆ?" ಎನ್ನುತ್ತಿದ್ದ ಅವನು.

ಊಟದ ಹೊತ್ತಿಗೂ ಅದೇ ನೇಮ. ಇಬ್ಬರಲ್ಲಿ ಯಾರು ಮೊದಲು ಬಂದರೋ ಅವರು ಕ್ಯಾಂಟೀನಿನ ಬಾಗಿಲಲ್ಲಿ ನಿಲ್ಲಬೇಕು, ಇನ್ನೊಬ್ಬರು ಬಂದ ಮೇಲೆಯೇ ಒಳಗೆ. ಅವನು ತೀರಿಕೊಂಡ ಮೇಲೂ ಅವಳ ಕಾಲು ಆ ಬಾಗಿಲಲ್ಲಿ ತಾನಾಗಿ ನಿಂತುಬಿಡುತ್ತಿತ್ತು. ಕೈಯಲ್ಲಿ ಫೋನು ಹಿಡಿದು, ಏನೋ ಓದುವವಳಂತೆ ನಿಲ್ಲುತ್ತಿದ್ದಳು. ಜನವೆಲ್ಲ ಉಂಡು ಹೊರಬಿದ್ದ ಮೇಲೆ ಒಳಗೆ ಹೋಗಿ, ತಣ್ಣಗಾದದ್ದನ್ನು ಮೂಲೆಯ ಮೇಜಿನಲ್ಲಿ ತಿಂದು ಬರುತ್ತಿದ್ದಳು. ನೋಡಿದವರು ನೋಡದಂತೆ ಇದ್ದರು. ಕೇಳಿದರೆ ಅವಳು ಅಳಬಹುದು, ಅತ್ತರೆ ಏನು ಮಾಡುವುದೆಂದು ಯಾರಿಗೂ ತಿಳಿಯದು.

ಆಮೇಲೆ ಹೊಸ ಯಂತ್ರ ಬಂತು. ಪ್ರೊಸೆಸರುಗಳು ಹಳೆಯದಕ್ಕಿಂತ ಎಷ್ಟೋ ಪಾಲು ಹೆಚ್ಚು. ವಿಭಾಗದ ಮುಖ್ಯಸ್ಥೆ ಅತ್ತಿಗೆಯನ್ನು ಕರೆದು ಬಾಗಿಲು ಹಾಕಿಕೊಂಡಳು.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಕುಲುಮೆ ಪ್ರೋಗ್ರಾಮು ಹೊಸ ಯಂತ್ರದಲ್ಲಿ ಅರ್ಧ ಹೊತ್ತು ಸುಮ್ನೆ ಕೂತಿರತ್ತೆ. ಗೇಟಲ್ಲಿ. ಹೊರಗಿಂದ ಬೇರೆ ಕಂಪೈಲರ್ ತಗೊಳ್ಳೋಣ ಅಂತ ಮೇಲಿನವರು ಹಟ ಹಿಡಿದಿದಾರೆ."

"ನಮ್ದು?"

"ಕಸದ ಬುಟ್ಟಿಗೆ. ತಿಂಗಳ ಕೊನೇಲಿ ಪರೀಕ್ಷೆ ಇದೆ. ಅಷ್ಟರಲ್ಲಿ ವೇಗ ಬಂದ್ರೆ ಉಳಿಯತ್ತೆ."

ಕುಲುಮೆಯ ಗೋಡೆಯಲ್ಲಿ ಶಾಖ ಹೇಗೆ ಹರಡುತ್ತದೆಂದು ಲೆಕ್ಕ ಹಾಕುವ ಪ್ರೋಗ್ರಾಮು ಅದು. ಗೋಡೆಯ ಒಂದೊಂದು ತುಂಡು ಒಂದೊಂದು ಪ್ರೊಸೆಸರಿಗೆ. ಪ್ರತಿ ಸುತ್ತಿನಲ್ಲೂ ಅಕ್ಕಪಕ್ಕದವರು ತಮ್ಮ ಅಂಚಿನ ಬಿಸಿ ಎಷ್ಟೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು.

ಅವಳು ಗೇಟುಗಳನ್ನು ಕೀಳತೊಡಗಿದಳು. ಒಂದೊಂದರ ಪಕ್ಕದಲ್ಲೂ ಅವನ ಟಿಪ್ಪಣಿ. 'ತಡಿ, ಎಲ್ಲರೂ ಬರಲಿ.' 'ಆತುರಗಾರ್ತಿ, ನಿಲ್ಲು.' ಮುಂದಿನ ಹಂತಕ್ಕೆ ಪ್ರತಿ ಪ್ರೊಸೆಸರಿಗೂ ತನ್ನ ಅಂಕಿಗಳಷ್ಟೇ ಸಾಕೆಂದು ಖಚಿತವಾದಲ್ಲೆಲ್ಲ ಗೇಟನ್ನೂ ಅಳಿಸಿದಳು, ಟಿಪ್ಪಣಿಯನ್ನೂ ಅಳಿಸಿದಳು. ಅವನ ಬಟ್ಟೆಗಳನ್ನು ಕೊಟ್ಟುಬಿಟ್ಟಾಗಲೂ ಕೈ ಇಷ್ಟು ಭಾರವಾಗಿರಲಿಲ್ಲ.

ಕೊನೆಗೆ ಉಳಿದದ್ದು ಅಂಚು ಹೇಳಿಕೊಳ್ಳುವ ಹಂತದ ಗೇಟು. ಅಲ್ಲಿ ಬರೆದಿದ್ದ: 'ಇದನ್ನ ತೆಗೆಯೋ ಮುಂಚೆ ನನ್ನ ಕೇಳು.'

"ಎಲ್ಲಿ ಅಂತ ಕೇಳಲಿ?" ಎಂದಳು ಪರದೆಗೆ.

ಗೇಟಿನ ಬದಲು ಹೀಗೆ ಮಾಡಿದಳು: ಪಕ್ಕದವನು ಅಂಕಿಗಳನ್ನು ಕಳಿಸಲಿ, ಹಿಂದೆಯೇ 'ಕಳಿಸಿದೆ' ಎಂಬ ಸುದ್ದಿಯನ್ನೂ ಕಳಿಸಲಿ. ಸುದ್ದಿ ಮುಟ್ಟಿದರೆ ಅಂಕಿಗಳೂ ಮುಟ್ಟಿದಂತೆಯೇ. ಹಳೆಯ ಯಂತ್ರದಲ್ಲಿ ಮೊದಲು ಹೊರಟದ್ದು ಮೊದಲು ಸೇರುತ್ತಿತ್ತು. ಅಷ್ಟು ವರ್ಷ ಅದನ್ನೇ ಕಂಡವಳಿಗೆ ಬೇರೆ ಯೋಚನೆ ಬರಲಿಲ್ಲ.

ವೇಗ ಅಳೆಯುವವನಿಗೆ ಆಫೀಸಿನಲ್ಲಿ ಗಡಿಯಾರ ಎಂದೇ ಹೆಸರು. ಅವನು ಓಡೋಡಿ ಬಂದ. "ಅತ್ತಿಗೆ, ಕುದುರೆ ಕಣ್ರೀ, ಕುದುರೆ! ಆದ್ರೆ ಒಂದೊಂದು ಸಲ ಕುಲುಮೆ ಗೋಡೆ ಮಧ್ಯ ಮಂಜುಗಡ್ಡೆ ತೋರಿಸತ್ತೆ."

"ಯಾವಾಗ?"

"ಅದೇ ತಮಾಷೆ. ಎಲ್ಲಿ ತಪ್ತಿದೆ ನೋಡೋಣ ಅಂತ ಅಂಕಿಗಳನ್ನ ಪರದೆ ಮೇಲೆ ಬರೆಸಿದ್ರೆ ತಪ್ಪೇ ಇಲ್ಲ. ಬರೆಸೋದು ನಿಲ್ಸಿದ್ರೆ ಮತ್ತೆ ಶುರು. ನೋಡ್ತಾ ಇದ್ರೆ ಸಾಚಾ, ಬೆನ್ನು ತಿರುಗಿಸಿದ್ರೆ ಕಿತಾಪತಿ. ಥೇಟ್ ನಮ್ಮ ಭಾವಮೈದ."

ಅವಳು ಲೆಕ್ಕ ಹಾಕಿದಳು. ಪರದೆಗೆ ಬರೆಸುವುದಕ್ಕೆ ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಏನೋ ಬಂದು ಸೇರುತ್ತಿದೆ. ಹೊಸ ಯಂತ್ರದಲ್ಲಿ ದಾರಿ ಹಲವು. ದೊಡ್ಡ ಗಂಟಾಗಿ ಹೊರಟ ಅಂಕಿಗಳು ಒಂದು ದಾರಿ ಹಿಡಿದರೆ, ಹಗುರ ಸುದ್ದಿ ಇನ್ನೊಂದು ದಾರಿಯಲ್ಲಿ ಓಡಿ ಮುಂಚೆಯೇ ತಲುಪುತ್ತದೆ. ಅಂಕಿಗಳು ಬಂದವೆಂದು ನಂಬಿದವನು ಹಿಂದಿನ ಸುತ್ತಿನ ಹಳೆಯ ಅಂಕಿಗಳನ್ನೇ ಎತ್ತಿಕೊಳ್ಳುತ್ತಾನೆ.

ಗೇಟಿದ್ದಾಗ ದಾರಿಯಲ್ಲಿದ್ದದ್ದೆಲ್ಲ ಸೇರಿದ ಮೇಲೆಯೇ ಅದು ತೆರೆಯುತ್ತಿತ್ತು.

"ಅಣ್ಣನ ಗೇಟು ವಾಪಸ್ ಹಾಕಿಬಿಡಿ. ಇದೊಂದು ಇರ್ಲಿ ಬಿಡಿ, ಅತ್ತಿಗೆ," ಎಂದ ಗಡಿಯಾರ ಮೆಲ್ಲಗೆ.

ಹಾಕಿದಳು. ತಪ್ಪು ಹೋಯಿತು, ವೇಗವೂ ಹೋಯಿತು. ಆ ಗೇಟು ಪ್ರತಿ ಸುತ್ತಿನಲ್ಲೂ ಬರುತ್ತಿತ್ತು. ಅದೊಂದೇ ಸಾಕಿತ್ತು ಪರೀಕ್ಷೆಯಲ್ಲಿ ಮುಗ್ಗರಿಸಲು.

ಎರಡು ದಿನ ಅವಳು ಅದನ್ನು ಮುಟ್ಟಲಿಲ್ಲ. ಬೇಕೆಂದೇ ಮುಟ್ಟಲಿಲ್ಲ. ಮಾಡಬೇಕಾದದ್ದೇನೆಂದು ಮೊದಲ ದಿನವೇ ತಿಳಿದಿತ್ತು: ಸುದ್ದಿಯನ್ನು ಬೇರೆಯಾಗಿ ಕಳಿಸಬಾರದು, ಅಂಕಿಗಳ ಗಂಟಿನೊಳಗೇ ಕಟ್ಟಬೇಕು. ಆಗ ಊರಿಗೆಲ್ಲ ಕಾಯುವುದು ಬೇಡ. ಕೊಡಬೇಕಾದ ಪಕ್ಕದವನೊಬ್ಬನಿಗೆ ಕಾದರೆ ಸಾಕು.

ಮೂರನೆಯ ದಿನ ಬೆಳಿಗ್ಗೆ ಗಂಟು ಕಟ್ಟುವ ಸಾಲುಗಳನ್ನು ಬರೆದಳು. ಆಮೇಲೆ 'ನನ್ನ ಕೇಳು' ಎಂಬ ಸಾಲಿನ ಮೇಲೆ ಬೆರಳಿಟ್ಟಳು. ನೀನು ಹೇಳಿದ್ದು ಸರಿಯಾಗಿತ್ತು ಎಂದು ಹೇಳೋಣವೆಂದರೆ ಅವನಿರಲಿಲ್ಲ. ಇದ್ದಿದ್ದರೆ ವಾರಗಟ್ಟಲೆ ಬೀಗುತ್ತಿದ್ದ. ಗೇಟನ್ನೂ ಸಾಲನ್ನೂ ಅಳಿಸಿದಳು.

ಗಡಿಯಾರ ಮಧ್ಯಾಹ್ನದವರೆಗೂ ಓಡಿಸಿ ನೋಡಿದ, ಬರೆಸಿಯೂ ಬರೆಸದೆಯೂ. ಮಂಜುಗಡ್ಡೆ ಬರಲಿಲ್ಲ, ವೇಗವೂ ಮರಳಿತ್ತು. "ಪಾಸು!" ಎಂದು ಮೇಜು ಕುಟ್ಟಿ, "ಏಳಿ, ಊಟಕ್ಕೆ," ಎಂದ.

"ನೀವು ನಡೀರಿ."

ಅವನು ಹೋದ. ಅವಳು ಹಿಂದೆಯೇ ಹೋಗಿ ಕ್ಯಾಂಟೀನಿನ ಬಾಗಿಲಿಗೆ ಬಂದಳು. ಕಾಲು ನಿಂತಿತು. ನಿಂತದ್ದನ್ನು ನೋಡಿಕೊಂಡು ಒಳಗೆ ಹೋದಳು. ತಟ್ಟೆಯಲ್ಲಿದ್ದದ್ದು ಬಿಸಿಯಾಗಿತ್ತು. ನಾಲಿಗೆ ಸುಟ್ಟಿತು.

ತಿಂಗಳ ಕೊನೆಯ ಪರೀಕ್ಷೆ ದಾಟಿ ಕಂಪೈಲರ್ ಉಳಿಯಿತು, ಅದನ್ನು ನೋಡಿಕೊಳ್ಳುವವರ ಕೆಲಸವೂ ಉಳಿಯಿತು. ಅಣ್ಣ ಬರೆದ ಸಾಲು ಈಗ ಅದರಲ್ಲಿ ಒಂದೂ ಇಲ್ಲ.