ಒಳಗೆ ಬಂದ ಗಿರಾಕಿ

ಟೈಲರಕ್ಕನ ಬೀರುವಿನಲ್ಲಿ ಒಂಬತ್ತು ಕಂದು ಬಣ್ಣದ ಉಡುಪುಗಳಿದ್ದವು. ಒಂದನ್ನೂ ಅವಳು ಇಷ್ಟಪಟ್ಟು ಹೊಲಿದುಕೊಂಡಿರಲಿಲ್ಲ. "ಅಕ್ಕಾ, ಇದು ಬೀರುನೋ ಆಲೂಗಡ್ಡೆ ಗೋದಾಮೋ?" ಎಂದು ತಂಗಿ ರೇಗಿಸುತ್ತಿದ್ದಳು. ಊರವರಿಗೆಲ್ಲ ಬಣ್ಣಬಣ್ಣದ್ದು ಹೊಲಿದುಕೊಡುವವಳ ಗತಿ ಹೀಗಿತ್ತು.

ತಪ್ಪೆಲ್ಲ ಪೇಟೆಬೀದಿಯ ಜವಳಿ ಅಂಗಡಿಯ ಎರಡು ಮೆಟ್ಟಿಲುಗಳದ್ದು. ಅವಳ ಗಾಲಿಕುರ್ಚಿ ಅವನ್ನು ಹತ್ತುತ್ತಿರಲಿಲ್ಲ. ಅಂಗಡಿಯ ಯಜಮಾನನೋ ಬಂಗಾರದಂಥ ಮನುಷ್ಯ. ಅವಳನ್ನು ಕಂಡ ಕೂಡಲೇ ಮೂರು ಥಾನು ಬಟ್ಟೆ ಹೆಗಲ ಮೇಲೆ ಹೊತ್ತು ಬಿಸಿಲಿಗೆ ಓಡಿಬರುತ್ತಿದ್ದ. "ಇದು ತಗೊಳ್ಳಿ ಅಕ್ಕ, ಕೊಳೆ ಕಾಣಲ್ಲ." ದಾರಿಹೋಕರೂ ನಿಂತು ಹೌದೌದು ಎನ್ನುತ್ತಿದ್ದರು. ಪಾಪ, ಇಷ್ಟು ಹೊತ್ತು ತಂದಿದ್ದಾನಲ್ಲ ಎಂಬ ದಾಕ್ಷಿಣ್ಯಕ್ಕೆ ಸಿಕ್ಕಿ ಅವಳು ಪ್ರತಿಸಲವೂ ಒಂದನ್ನು ಕೊಳ್ಳುತ್ತಿದ್ದಳು.

ಕೊನೆಗೆ ಒಂದು ದಿನ ರೋಸಿಹೋಗಿ, "ನಾನೇ ಒಳಗೆ ಬಂದು ನೋಡ್ಬೇಕು. ಒಂದು ಇಳಿಜಾರು ಕಟ್ಟಿಸಿ," ಎಂದಳು.

"ನಾನಿರೋದು ಯಾಕೆ ಅಕ್ಕ? ನಿಮಗ್ಯಾಕೆ ತೊಂದರೆ?"

"ತೊಂದರೆ ನಿಮ್ಮ ಹೆಗಲಿಗೆ ಆಗ್ತಿರೋದು!"

ಮಾತಾಡುತ್ತಲೇ ಕೊರಳಿನ ಟೇಪು ತೆಗೆದು, ತುದಿಯನ್ನು ತಂಗಿಯ ಕೈಗೆ ಕೊಟ್ಟು, ಮೆಟ್ಟಿಲುಗಳ ಎತ್ತರ ಅಳೆದಳು. ಹನ್ನೆರಡು ಇಂಚು. ಇಂಚಿಗೊಂದು ಅಡಿ ಉದ್ದ, ಗೋಡೆಗುಂಟ ಬರಲಿ, ಮೇಲೆ ಕುರ್ಚಿ ತಿರುಗುವಷ್ಟು ಜಾಗವಿರಲಿ. ತೋಳು, ಸೊಂಟದ ಅಳತೆ ಬರೆಯುವ ಚೀಟಿಯಲ್ಲೇ ಬರೆದುಕೊಟ್ಟಳು.

ಒಂದು ತಿಂಗಳಲ್ಲಿ ಇಳಿಜಾರು ಎದ್ದಿತು. ಯಜಮಾನ ಒಳಗಿನ ಕಪಾಟುಗಳನ್ನೂ ಸರಿಸಿ ದಾರಿ ಮಾಡಿದ್ದ. ತಾನೇ ಚಕ್ರ ನೂಕಿಕೊಂಡು ಒಳಗೆ ಹೋದವಳಿಗೆ ಕಣ್ಣು ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯಲಿಲ್ಲ. ನೆಲದಿಂದ ಸೂರಿನವರೆಗೆ ಹಳದಿ, ನೇರಳೆ, ಗಿಳಿಹಸಿರು. ಹದಿನೈದು ವರ್ಷ ಇವೆಲ್ಲ ಹತ್ತೇ ಹೆಜ್ಜೆ ಆಚೆ ಇದ್ದವೆಂದು ನೆನೆದು ಸಿಟ್ಟೂ ಬಂತು, ನಗುವೂ ಬಂತು.

ಒಂದು ಗಂಟೆ ಅಂಗಡಿಯನ್ನೆಲ್ಲ ಜಾಲಾಡಿದಳು. "ಅದು ಬಿಚ್ಚಿ. ಅಲ್ಲ, ಅದರ ಕೆಳಗಿಂದು." ಬೆರಳಲ್ಲಿ ಉಜ್ಜಿದಳು, ಬೆಳಕಿಗೆ ಹಿಡಿದಳು. ಹಳದಿಯ ಮೇಲೆ ಮನಸ್ಸು ಕೂತಿತು, ಆದರೆ ನೇಯ್ಗೆ ಜಾಳು. ನೇರಳೆ ಎರಡು ಒಗೆತಕ್ಕೆ ಬಣ್ಣ ಬಿಡುವಂತಿತ್ತು. ಮೇಜಿನ ಮೇಲೆ ಬಟ್ಟೆಯ ಗುಡ್ಡವೇ ಬೆಳೆಯಿತು.

ಆಗ ಹಳೆಯ ದಾಕ್ಷಿಣ್ಯ ಮತ್ತೆ ತಲೆ ಎತ್ತಿತು. ನನಗೆಂದೇ ಇಷ್ಟೆಲ್ಲ ಕಟ್ಟಿಸಿದ್ದಾನೆ, ಬರಿಗೈಯಲ್ಲಿ ಹೋಗುವುದು ಹೇಗೆ? ಒಂದು ಮೀಟರಾದರೂ ತಗೋ ಎಂದು ತಂಗಿಯೂ ಕಣ್ಸನ್ನೆ ಮಾಡಿದಳು. ಆದರೆ ಇವತ್ತೂ ಬೇಡದ್ದನ್ನು ಕೊಂಡರೆ, ಬೀದಿಯಲ್ಲಿ ಕೂತಿದ್ದಕ್ಕೂ ಒಳಗೆ ಬಂದಿದ್ದಕ್ಕೂ ಏನು ವ್ಯತ್ಯಾಸ?

"ಯಾವುದೂ ಮನಸ್ಸಿಗೆ ಹಿಡಿಸ್ಲಿಲ್ಲ. ಇನ್ನೊಂದ್ಸಲ ಬರ್ತೀನಿ," ಎಂದಳು. ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿದಳು.

ಯಜಮಾನ ಮೇಜಿನ ಮೇಲಿನ ಗುಡ್ಡವನ್ನೊಮ್ಮೆ ನೋಡಿದ. "ಆಯ್ತು ಅಕ್ಕ," ಎಂದ.

ಇಳಿಜಾರಿನ ಅರ್ಧಕ್ಕೆ ಬಂದಾಗ, ಅವನು ಬಟ್ಟೆ ಸುತ್ತುತ್ತಾ ಗೊಣಗುವುದು ಕೇಳಿಸಿತು: "ಅರ್ಧ ಅಂಗಡಿ ಬಿಚ್ಚಿಸಿ ಒಂದು ತುಂಡೂ ತಗೊಳ್ದೆ ಹೋದ್ರಲ್ಲ, ಎಂಥಾ ಗಿರಾಕಿನಪ್ಪ!"

ತಂಗಿಯ ಮುಖ ಸಪ್ಪಗಾಯಿತು. "ಬೇಜಾರು ಮಾಡ್ಕೋಬೇಡ ಅಕ್ಕ."

"ಬೇಜಾರಾ?" ಟೈಲರಕ್ಕ ಮುಖ ತುಂಬ ನಕ್ಕಳು. "ಹದಿನೈದು ವರ್ಷದಲ್ಲಿ ಇವತ್ತೇ ಕಣೇ ಅವರು ನನ್ನ ಬೈದಿದ್ದು. ಎಲ್ಲರನ್ನೂ ಬೈಯೋ ಹಾಗೆ!"