ಬೇರಿಲ್ಲದ ಗುಚ್ಛರಾಣಿ

ಇದನ್ನು ಹೇಳಲು ಹೊರಟದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಗಿಡದ ಒಳಗುಟ್ಟು ಬಲ್ಲವರು ಹೇಳಬೇಕಾದ ಕಥೆ ಇದು; ನಾನು ಕೇಳಿ ತಿಳಿದದ್ದು ಅರೆಬರೆ. ಎಲ್ಲಾದರೂ ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ಆ ಹೆಣ್ಣುಮಗಳ ಮೇಲೆ ಹೊರಿಸಿದ ಮಾತನ್ನು ಕೇಳಿಯೂ ಸುಮ್ಮನಿರುವುದು ನನ್ನಿಂದ ಆಗಲಿಲ್ಲ.

ಅವಳು ಕೆಲಸ ಮಾಡುತ್ತಿದ್ದದ್ದು ಅಕ್ಕನ ಗಂಡನ ನರ್ಸರಿಯಲ್ಲಿ. ತಾಯಿಗಿಡದ ಕುಡಿ ಕತ್ತರಿಸಿ, ಮರಳಿನ ತಟ್ಟೆಗೆ ಚುಚ್ಚಿ, ಬೇರು ಬರಿಸಿ ಸಸಿ ಮಾಡುವುದು ಅವಳ ಪಾಲಿನ ಕೆಲಸ. ಹನ್ನೊಂದು ವರ್ಷದಿಂದ ಅದೇ ಮೇಜು, ಅದೇ ಚಾಕು. ಆ ವರ್ಷ ಸಂಜೆ ಕಾಲೇಜಿಗೆ ಸೇರಿ ಸಸ್ಯಶಾಸ್ತ್ರ ಓದತೊಡಗಿದ್ದಳು. ಅಂದಿನಿಂದ ಭಾವನ ಬಾಯಲ್ಲಿ ಅವಳು 'ಪಂಡಿತೆ'. ನೀರು ಹಾಕುವವರೂ ಹಾಗೇ ಕರೆಯತೊಡಗಿದರು.

ಆ ಸಲ ಸೇವಂತಿಗೆಯ ಒಂದು ಕುಂಡದಲ್ಲಿ, ಕಾಂಡ ಮಣ್ಣಿಗೆ ತಾಗುವಲ್ಲಿ, ಹೂಕೋಸಿನಂಥ ಗಂಟು ಎದ್ದಿತು. ಅದರ ತುಂಬ ಪುಟ್ಟ ಪುಟ್ಟ ಚಿಗುರು. ಭಾವ ನೋಡಿ ಹಿಗ್ಗಿ ಹೀರೇಕಾಯಿಯಾದ.

"ಒಂದು ಕುಡಿಗೆ ಕಾಯಿಸೋ ಗಿಡ ಹೊರೆಗಟ್ಟಲೆ ಕೊಟ್ಟಿದೆ. ಹೊಸ ತಳಿ ಇದು. ಗುಚ್ಛರಾಣಿ ಅಂತ ಹೆಸರಿಡೋಣ," ಅಂದ. ಮೂರನೇ ದಿನಕ್ಕೆ ಬಣ್ಣದ ಚೀಟಿಗಳೂ ಅಚ್ಚಾಗಿ ಬಂದವು.

ಪಂಡಿತೆ ಆ ಗಂಟಿನಿಂದ ನಲವತ್ತೊಂಬತ್ತು ಚಿಗುರು ಕತ್ತರಿಸಿದಳು. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಕೈ ಹಾಕುವ ಮೊದಲು ಚಾಕುವನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸುವುದು ಅವಳ ಪದ್ಧತಿ. ಆ ದಿನ ಬಾಟಲಿಯೇ ಇರಲಿಲ್ಲ. ಆಫೀಸಿನ ಗಾಜು ಒರೆಸಲು ಭಾವ ಒಯ್ದಿದ್ದ.

"ಒಂದು ದಿನ ಅದ್ದದೇ ಇದ್ರೆ ಆಕಾಶ ಕಳಚಿ ಬೀಳಲ್ಲ. ಬೇಗ ಮುಗಿಸಮ್ಮಾ," ಅಂದ.

ಅವಳು ಅದೇ ಚಾಕುವಿನಲ್ಲಿ ಪಕ್ಕದ ಸಾಲಿನ ಇಪ್ಪತ್ತು ತಾಯಿಗಿಡಗಳ ಕುಡಿಯನ್ನೂ ತೆಗೆದಳು.

ತಿಂಗಳು ಕಳೆಯಿತು. ನಲವತ್ತೊಂಬತ್ತರಲ್ಲಿ ಬೇರು ಬಿಟ್ಟದ್ದು ಒಂಬತ್ತು. ಉಳಿದ ನಲವತ್ತು ಬೇರಿಲ್ಲದೆಯೂ ಹಸಿರಾಗಿ, ಏನೂ ಆಗಿಲ್ಲವೆಂಬಂತೆ ನಿಂತಿದ್ದವು. ಒಂದು ಎಲೆಯೂ ಹಳದಿಯಾಗಿರಲಿಲ್ಲ.

"ನಿನ್ನ ಕೈಗುಣವೇ ಸರಿಯಿಲ್ಲ," ಅಂದ ಭಾವ, ಕೆಲಸದವರೆಲ್ಲರ ಎದುರಿಗೆ. "ಪುಸ್ತಕ ಹಿಡಿದ ಕೈಗೆ ಮಣ್ಣು ಒಲಿಯಲ್ಲ."

ಹನ್ನೊಂದು ವರ್ಷದಲ್ಲಿ ಅವಳ ಕೈಯಿಂದ ಬೇರೂರಿದ ಸಾವಿರಾರು ಸಸಿಗಳ ನೆನಪು ಒಬ್ಬರಿಗೂ ಬರಲಿಲ್ಲ. ಅವಳ ಮೈಯೆಲ್ಲ ಉರಿಯಿತು. ಆದರೂ ಒಳಗೊಂದು ಅಳುಕು, ನಿಜಕ್ಕೂ ನನ್ನದೇ ತಪ್ಪಿರಬಹುದೇ ಎಂದು.

ತಾಯಿಗಿಡದ ಗಂಟಿನ ಒಂದು ಚೂರನ್ನು ಚಿಗುರು ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಸಂಜೆ ತರಗತಿಗೆ ಒಯ್ದಳು. ಮೇಷ್ಟ್ರು ಕನ್ನಡಕ ಮೇಲೇರಿಸಿ ನೋಡಿದರು.

"ಗಿಡದ ತುದಿ ಕೆಳಗಿನ ಮೊಗ್ಗುಗಳಿಗೆ 'ಸುಮ್ನಿರಿ' ಅಂತ ಆಕ್ಸಿನ್ ಅನ್ನೋ ಹಾರ್ಮೋನು ಕಳಿಸುತ್ತೆ. ಬೇರಿನ ಕಡೆಯಿಂದ ಸೈಟೋಕೈನಿನ್ ಅನ್ನೋ ಇನ್ನೊಂದು ಬರುತ್ತೆ. ಅದು ಕೋಶಗಳಿಗೆ 'ಒಂದಿದ್ದದ್ದು ಎರಡಾಗಿ' ಅನ್ನುತ್ತೆ, ಮಲಗಿದ ಮೊಗ್ಗನ್ನ ಎಬ್ಬಿಸುತ್ತೆ, ಎಲೆ ಬೇಗ ಮುಪ್ಪಾಗದ ಹಾಗೆ ಕಾಯುತ್ತೆ. ಎರಡೂ ಹದವಾಗಿದ್ರೆ ಗಿಡ ಗಿಡವಾಗಿರುತ್ತೆ. ಸೈಟೋಕೈನಿನ್ ಕೈ ಮೇಲಾದ್ರೆ ಬರೀ ಚಿಗುರೋ ಚಿಗುರು. ಬೇರಿಗೆ ದಾರಿಯೇ ಇಲ್ಲ."

"ನಾವು ಏನೂ ಹಾಕಿಲ್ಲ ಸರ್."

"ನೀವು ಹಾಕಬೇಕಾಗಿಲ್ಲ. ಅಂಥದ್ದನ್ನ ತಾನೇ ತಯಾರಿಸೋ ಒಂದು ಬ್ಯಾಕ್ಟೀರಿಯ ಇದೆ. ಗಿಡದ ಮೇಲೆ ಕೂತು ಗಿಡದ ಭಾಷೆಯಲ್ಲೇ ಹುಕುಂ ಕೊಡುತ್ತೆ. ಗಿಡ ಪಾಪ, ತನ್ನ ಬೇರೇ ಹೇಳಿತು ಅಂತ ನಂಬಿ ಇದ್ದಬದ್ದದ್ದನ್ನೆಲ್ಲ ಆ ಗಂಟಿಗೆ ಸುರಿಯುತ್ತೆ. ಉಣ್ಣೋದು ಆ ಬ್ಯಾಕ್ಟೀರಿಯ. ಇದು ಅದೇ ಅನ್ನಿಸುತ್ತೆ."

"ಔಷಧಿ?"

"ಇಲ್ಲ. ಮಣ್ಣು ಸಮೇತ ತೆಗೆದು ಸುಡಬೇಕು. ಚಾಕು ಅದ್ದಿದ್ದೀರಿ ತಾನೆ?"

ಅವಳು ಚೀಲದ ಬಾಯಿಯನ್ನು ಮತ್ತೆ ಬಿಗಿಯಾಗಿ ಕಟ್ಟಿದಳು.

ಮರುದಿನ ಬೆಳಕು ಹರಿಯುತ್ತಲೇ ಆ ಇಪ್ಪತ್ತು ತಾಯಿಗಿಡಗಳ ಬುಡದ ಮಣ್ಣು ಸರಿಸಿ ನೋಡಿದಳು. ಎರಡರಲ್ಲಿ ಕಡಲೆಕಾಳಿನಷ್ಟು ಗಂಟು. ಅಷ್ಟರಲ್ಲಿ ಭಾವ ಬಂದು, ಬೇರಿಲ್ಲದ ಆ ನಲವತ್ತನ್ನೂ ಕುಂಡಕ್ಕೆ ನೆಟ್ಟು ಚೀಟಿ ಸಿಕ್ಕಿಸು, ಮಧ್ಯಾಹ್ನ ಆಸ್ಪತ್ರೆಯ ತೋಟದ ಮಾಲಿ ಬರ್ತಾನೆ ಅಂದ.

"ಭಾವ, ಇದು ತಳಿಯಲ್ಲ, ರೋಗ. ಅವರ ಮಣ್ಣಿಗೂ ಹೋಗುತ್ತೆ."

"ಮೇಲೆ ಹಸಿರು ಕಾಣುತ್ತೋ ಇಲ್ಲವೋ? ಅಷ್ಟು ಸಾಕು. ಆಮೇಲೆ ಸತ್ರೆ ನೀರು ಹಾಕಿದವರ ತಪ್ಪು."

"ಈಗ ನನ್ನ ಕೈಗುಣದ ತಪ್ಪು ಅಂದ ಹಾಗೆ, ಅಲ್ವಾ?"

"ನಾಲ್ಕು ದಿನ ಸಂಜೆ ಕಾಲೇಜಿಗೆ ಹೋಗಿ ನನಗೇ ಪಾಠ ಹೇಳ್ತೀಯಾ? ಅಷ್ಟಕ್ಕೂ ರೋಗ ಅಂದ್ರೆ ಹರಡಿದ್ದು ಯಾರ ಚಾಕು? ಮಾಲಿ ಮುಂದೆ ಅದನ್ನೂ ಹೇಳ್ತೀಯೇನು?"

ಅವಳು ನಲವತ್ತನ್ನೂ ನೆಟ್ಟಳು. ಚೀಟಿ ಮಾತ್ರ ಸಿಕ್ಕಿಸಲಿಲ್ಲ.

ಮಾಲಿ ಬಂದು ಸಾಲು ನೋಡಿ ತಲೆದೂಗಿದ. "ಚೆನ್ನಾಗಿದೆಯಲ್ಲಮ್ಮ. ರೋಗಿಗಳ ಕಿಟಕಿ ಕೆಳಗಿನ ಪಾತಿಗೆ ಇದನ್ನೇ ಹಾಕ್ತೀನಿ. ಅಲ್ಲಿರೋ ಹಳೇ ಸೇವಂತಿಗೆ ಜೊತೆಗೇ."

ಆ ಹಳೇ ಸೇವಂತಿಗೆಯೂ ಅವಳ ಕೈಯಲ್ಲೇ ಬೇರೂರಿದ್ದು. ಅವಳು ಮುಂದೆ ಬಂದು ಒಂದು ಕುಂಡದ ಚಿಗುರನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದಳು. ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು.

"ಬೇರನ್ನ ಮನೇಲಿ ಬಿಟ್ಟು ಬಂದಿದೆಯಾ ಇದು?" ಅಂದ ಮಾಲಿ.

"ಬೇರೇ ಇಲ್ಲ. ಇದು ರೋಗ. ಒಯ್ದರೆ ನಿಮ್ಮ ಹಳೇ ಗಿಡಗಳೂ ಹೋಗ್ತವೆ," ಅಂದಳು. "ಇಲ್ಲಿ ಇನ್ನೆರಡಕ್ಕೆ ಹರಡಿದೆ. ನನ್ನ ಚಾಕುವಿಂದ ಇರಬಹುದು. ಆ ದಿನ ನಾನು ಅದನ್ನ ಅದ್ದಿರಲಿಲ್ಲ."

ಮಾಲಿ ಭಾವನ ಮುಖ ನೋಡಿದ. ಭಾವ ಚೀಟಿಗಳ ಕಟ್ಟು ನೋಡಿದ. ಮಾಲಿ ಬರಿಗೈಯಲ್ಲಿ ಹೋದ.

"ನಾಳೆಯಿಂದ ನೀನು ಬರಬೇಡ," ಅಂದ ಭಾವ.

ಬಾಗಿಲಲ್ಲಿ ನಿಂತಿದ್ದ ಅಕ್ಕ ಆಫೀಸಿನೊಳಗೆ ಹೋಗಿ ಸ್ಪಿರಿಟ್ ಬಾಟಲಿ ತಂದು ತಂಗಿಯ ಮೇಜಿನ ಮೇಲೆ ಇಟ್ಟಳು. "ಅವಳು ಬರದೇ ಇದ್ರೆ ಕುಡಿ ನೀವು ಕತ್ತರಿಸ್ತೀರೇನ್ರೀ? ಗಾಜು ಒರೆಸಿದಷ್ಟು ಸುಲಭ ಅಲ್ಲ ಅದು."

ಮರುದಿನ ಅವಳು ಬಂದಳು. ಭಾವ ತಡೆಯಲಿಲ್ಲ. ತಪ್ಪಾಯಿತು ಎಂದೂ ಹೇಳಲಿಲ್ಲ. ಗುಚ್ಛರಾಣಿಯ ತಾಯಿಗಿಡವನ್ನೂ ಅಷ್ಟೂ ಸಸಿಗಳನ್ನೂ, ಆ ಇಪ್ಪತ್ತು ತಾಯಿಗಿಡಗಳನ್ನೂ ಅವುಗಳ ಕುಡಿಗಳನ್ನೂ ಮಣ್ಣು ಸಮೇತ ಅವಳೇ ಹಿತ್ತಿಲಿಗೆ ಹೊತ್ತು ಸುಟ್ಟಳು. ಚೀಟಿಗಳು ಒಲೆ ಹೊತ್ತಿಸಲು ಆದವು.

ಆ ಎರಡು ಗಿಡಗಳಿಗೆ ಗಂಟು ಬಂದದ್ದು ಅವಳ ಚಾಕುವಿನಿಂದಲೋ, ಅದಕ್ಕೂ ಮೊದಲೇ ಮಣ್ಣಿನಲ್ಲೋ ನೀರಿನಲ್ಲೋ ರೋಗ ಸೇರಿಕೊಂಡಿತ್ತೋ ಎಂದು ಅವಳು ಮೇಷ್ಟ್ರನ್ನು ಕೇಳಿದಳು. ಹೇಳಲಾಗದು ಅಂದರು. ನನಗೂ ಗೊತ್ತಿಲ್ಲ.